ಮುಲ್ಲಪೆರಿಯಾರ್ ಕಟ್ಟೆಯ ವ್ಯಾಜ್ಯ

ಪಶ್ಚಿಮಕ್ಕೆ ಹರಿದು ಸಮುದ್ರವನ್ನು ಸೇರತಕ್ಕ ಪೆರಿಯಾರ್ ನದಿಗೆ ಅಡ್ಡಗಟ್ಟಿ, ಬೆಟ್ಟವನ್ನು ಕೊರೆದು, ಅದರ ನೀರನ್ನು ಪೂರ್ವದ ವೈಗೈ ಬಯಲಿಗೆ ತಿರುಗಿಸಿದ ಕಟ್ಟೆಯು ೧೮೯೫ರಲ್ಲಿ ಮುಗಿಯಿತು. ಪೆನ್ನಿಕ್ವಿಕ್ ಎಂಬ ಇಂಜಿನಿಯರರ ಆ ಸಾಹಸವನ್ನು ಮಧುರೆ, ತೇನಿ ಸೀಮೆಗಳ ರೈತರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಅದೇ ಕಟ್ಟೆಯ ಕೆಳಗಿರುವ ಇಡುಕ್ಕಿಯ ಜನರೋ, ಮಳೆಗಾಲ ಬಂತೆಂದರೆ ನಿದ್ರೆಗೆಡುತ್ತಾರೆ.

ಒಡೆಯಬೇಕೆಂಬವರ ಮುಖ್ಯ ವಾದವು ಕಟ್ಟೆಯ ವಯಸ್ಸು. ಸುಣ್ಣ ಸುರ್ಕಿಗಳ ಗಾರೆಯು ನೂರು ವರ್ಷ ದಾಟಿ ಬಾಳಲಾರದೆನ್ನುತ್ತಾರೆ. ಈ ಮಾತನ್ನು ಕನ್ನಡಿಗರಾದರೂ ಹಾಗೆಯೇ ಒಪ್ಪಲಾಗದು. ಕನ್ನಂಬಾಡಿಯ ಕಲ್ಲುಗಳನ್ನು ಹಿಡಿದಿರುವುದೂ ಸುರ್ಕಿಯ ಗಾರೆಯೇ. ಗಾರೆಯ ಜಾತಿಯಲ್ಲ, ಸೋರುವ ನೀರು ಅದರೊಳಗಿನ ಸುಣ್ಣವನ್ನು ಎಷ್ಟು ಕರಗಿಸಿ ಒಯ್ದಿದೆಯೆಂಬುದೇ ವಿಚಾರ್ಯ ವಿಷಯ.

ಉಳಿಸಬೇಕೆಂಬವರ ವಾದವು ಇದಕ್ಕಿಂತ ಗಟ್ಟಿಯಾದುದೇನೂ ಅಲ್ಲ. ೧೯೭೯ರಲ್ಲಿ ಗುಜರಾತಿನ ಮಚ್ಛು ನದಿಯ ಕಟ್ಟೆಯೊಡೆದು ಮೊರ್ವಿ ಪಟ್ಟಣವು ಕೊಚ್ಚಿಹೋದ ವರ್ಷವೇ ಇಲ್ಲಿಯ ನೀರಿನ ಮಟ್ಟವನ್ನು ೧೩೬ ಅಡಿಗೆ ಇಳಿಸಲಾಯಿತು. ಬಳಿಕ ಕಾಂಕ್ರೀಟಿನ ಒತ್ತುಗೋಡೆಯಿಂದಲೂ ಉಕ್ಕಿನ ಬಿಗಿತಗಳಿಂದಲೂ ಕಟ್ಟೆಯನ್ನು ಬಲಪಡಿಸಲಾಯಿತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ೧೪೨ ಅಡಿಯವರೆಗೆ ನೀರು ನಿಲ್ಲಿಸಲು ಅಪ್ಪಣೆಯಿತ್ತಿತು. ಅಲ್ಲಿಗೆ ಎಲ್ಲವೂ ಮುಗಿಯಿತಂತೆ! ತೀರ್ಪಿನ ಕಾಗದಕ್ಕೆ ಸೋರಿಕೆಯನ್ನು ನಿಲ್ಲಿಸುವ ಶಕ್ತಿಯುಂಟೆಂದು ಯಾವ ಶಿಲ್ಪಶಾಸ್ತ್ರವು ಹೇಳಿದೆಯೋ ತಿಳಿಯದು. ತಿರುವಾಂಕೂರಿನ ಮಹಾರಾಜರಿಗೂ ಬ್ರಿಟಿಷ್ ಸರ್ಕಾರಕ್ಕೂ ೧೮೮೬ರಲ್ಲಿ ಆದ ಗುತ್ತಿಗೆಯು ೯೯೯ ವರ್ಷಗಳದು. ಕಲ್ಲುಗಾರೆಗೆ ಅಷ್ಟು ಆಯುಸ್ಸನ್ನು ಬರೆದುಕೊಟ್ಟ ವಿಧಾತನಿಲ್ಲ.

ತಮಿಳುನಾಡಿಗೆ ಬೇಕಾದುದು ನೀರೇ ಹೊರತು ಕಟ್ಟೆಯಲ್ಲ. ಕೇರಳಕ್ಕೆ ಬೇಡವಾದುದು ಭಯವೇ ಹೊರತು ನೀರು ಕೊಡುವುದಲ್ಲ. ಹಾಗೆಂದು ಆ ಸರ್ಕಾರವೇ ಹಲವು ಸಲ ಹೇಳಿದೆ. ಹಾಗಿದ್ದರೆ ತೊಡಕೆಲ್ಲಿ? ಈಗಿನ ಸುರಂಗವು ನೀರನ್ನು ಸೆಳೆಯುವುದು ಸುಮಾರು ೧೦೪ ಅಡಿಯ ಮಟ್ಟದಿಂದ ಮೇಲೆ. ಅದರ ಕೆಳಗಿನ ನೀರೆಲ್ಲ ಪೂರ್ವದ ಗದ್ದೆಗಳ ಪಾಲಿಗೆ ಇದ್ದೂ ಇಲ್ಲದಂತೆ; ಆದಕಾರಣ ಮೇಲೆ ಮೇಲೆ ತುಂಬಿಸುವ ಹಟ, ತುಂಬಿದಷ್ಟೂ ಕೆಳಗಿನವರಿಗೆ ದಿಗಿಲು. ನ್ಯಾಯಾಲಯವು ನೇಮಿಸಿದ್ದ ಸಮಿತಿಯೇ ೫೦ ಅಡಿಯ ಮಟ್ಟದಲ್ಲಿ ಹೊಸ ಸುರಂಗವನ್ನು ಕೊರೆಯುವ ಮಾರ್ಗವೊಂದನ್ನು ಸೂಚಿಸಿತ್ತು. ಅದಾದರೆ ಮಳೆಯ ನೀರನ್ನು ಹಳೆಯ ಗೋಡೆಯ ಹಿಂದೆ ತಿಂಗಳುಗಟ್ಟಲೆ ಹೊರಿಸಿಡದೆ, ಬಂದಂತೆಯೇ ಪೂರ್ವಕ್ಕೆ ಸಾಗಿಸಬಹುದು. ಅಲ್ಲಿ ಅದನ್ನು ಶೇಖರಿಸಲು ಸ್ಥಳವೂ ಹಣವೂ ಬೇಕು, ನಿಜ. ಹುಲಿಗಳ ಕಾಡಿನೊಳಗೆ ಹೊಸ ಕಟ್ಟೆಯನ್ನೆಬ್ಬಿಸಿ ಹಳೆಯದನ್ನು ಕೆಡಹುವುದೇನು ಪುಕ್ಕಟೆಯೇ?

ಆ ಸೂಚನೆಯು ವರದಿಯ ಪುಟಗಳಲ್ಲಿದೆ. ಜಗಳವು ಮಾತ್ರ ೧೩೬ ಅಡಿಯೋ, ೧೪೨ ಅಡಿಯೋ, ೧೫೨ ಅಡಿಯೋ ಎಂಬುದರಲ್ಲಿಯೇ ನಡೆದಿದೆ.