ಮಾತನಾಡಿಸಿದವನು, ಕೈಜೋಡಿಸಿದವನು

ಭಯೋತ್ಪಾದಕರ ಜಾಲದಲ್ಲಿ ಸಿಲುಕಿದ ಪತ್ರಕರ್ತನ ಕಥೆ ನಮ್ಮ ಚಿತ್ರೋದ್ಯಮಕ್ಕೆ ಬಹುಕಾಲದಿಂದ ಪ್ರಿಯವಾದ ವಸ್ತು. 2011ರಲ್ಲಿ ತೆರೆಕಂಡ ತಮಿಳು ಚಿತ್ರ ‘ಕೋ’ ಇದಕ್ಕೊಂದು ಒಳ್ಳೆಯ ನಿದರ್ಶನ. ಪತ್ರಿಕಾ ಛಾಯಾಗ್ರಾಹಕರಾಗಿ ವೃತ್ತಿ ಆರಂಭಿಸಿದ್ದ ಕೆ.ವಿ. ಆನಂದ್ ಅದರ ನಿರ್ದೇಶಕರು. ನಾಯಕನೂ ಪತ್ರಿಕಾ ಛಾಯಾಗ್ರಾಹಕನೇ. ಚುನಾವಣೆ, ನಕ್ಸಲರು, ಸ್ಫೋಟ, ಗೆಳೆಯನ ವಂಚನೆ ಎಲ್ಲವೂ ಮೂರು ಗಂಟೆಯೊಳಗೆ ಇತ್ಯರ್ಥವಾಗುತ್ತವೆ. ನಮ್ಮ ಕರಾವಳಿಗೂ ಈ ಬಗೆಯ ಚಿತ್ರಗಳು ಹೊಸತಲ್ಲ. ಸುನೀಲ್ ಕುಮಾರ್ ದೇಸಾಯಿಯವರ ‘ನಿಷ್ಕರ್ಷ’ (1993) ಚಿತ್ರದಲ್ಲಿ ಶಸ್ತ್ರಧಾರಿಗಳು ಬ್ಯಾಂಕೊಂದನ್ನು ವಶಪಡಿಸಿಕೊಳ್ಳುವುದು ಮಣಿಪಾಲದಲ್ಲಿ. ಕುಂದಾಪುರ ಸೀಮೆಯ ಕೆರಾಡಿಯವರಾದ ರಿಷಬ್ ಶೆಟ್ಟಿ ನಿರ್ದೇಶಿಸಿದ ಮೊದಲ ಚಿತ್ರ ‘ರಿಕ್ಕಿ’ (2016) ಪ್ರೇಯಸಿ ನಕ್ಸಲ್ ಗುಂಪು ಸೇರಿದ ಕಥೆಯನ್ನು ಹೇಳುತ್ತದೆ.

ಇಂತಹ ಚಿತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವು ಪ್ರೇಕ್ಷಕನಿಗೆ ಒದಗಿಸುವ ಒಂದು ಸೌಲಭ್ಯ ನಿಜಜೀವನದಲ್ಲಿ ಯಾರಿಗೂ ದೊರೆಯುವುದಿಲ್ಲ. ನಾಯಕನು ಕಾಡಿನೊಳಗೆ ಯಾರನ್ನು ಕಂಡ, ಏಕೆ ಕಂಡ, ಅವರೊಡನೆ ಏನು ಮಾತನಾಡಿದ ಎಂಬುದನ್ನೆಲ್ಲ ಪ್ರೇಕ್ಷಕ ಕಣ್ಣಾರೆ ನೋಡಿರುತ್ತಾನೆ. ಪೊಲೀಸ್ ಕಡತಕ್ಕೆ ಈ ಭಾಗ್ಯವಿಲ್ಲ. ಅದರಲ್ಲಿರುವುದು ದೂರವಾಣಿ ಕರೆಗಳ ಪಟ್ಟಿ, ವಶಪಡಿಸಿಕೊಂಡ ಪುಸ್ತಕ, ಒಂದು ಕರಪತ್ರ, ಯಾರದೋ ಹೇಳಿಕೆ. ಅಷ್ಟನ್ನೇ ಇಟ್ಟುಕೊಂಡು, ಉಗ್ರರನ್ನು ಮಾತನಾಡಿಸಿದವನು ಯಾರು, ಅವರೊಡನೆ ಕೈಜೋಡಿಸಿದವನು ಯಾರು ಎಂದು ಬೇರ್ಪಡಿಸಬೇಕು. ಈ ಕೆಲಸವನ್ನು ನಮ್ಮ ವ್ಯವಸ್ಥೆ ಎಷ್ಟು ಬೇಗ, ಎಷ್ಟು ಪ್ರಾಮಾಣಿಕವಾಗಿ ಮಾಡುತ್ತಿದೆ ಎಂಬುದು ಇಲ್ಲಿನ ಪ್ರಶ್ನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳನ್ನು ಹೊರಗಿನವರು ಅರಿತಿರುವುದು ಕೊಲ್ಲೂರಿನ ದೇವಾಲಯದಿಂದ, ಮರವಂತೆಯ ಕಡಲತೀರದಿಂದ. ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿ ಸಿದ್ದಾಪುರ, ಹೊಸಂಗಡಿ, ಅಮಾಸೆಬೈಲುಗಳತ್ತ ಸಾಗಿದರೆ ಘಟ್ಟದ ಬುಡ ಎದುರಾಗುತ್ತದೆ. ಎರಡು ದಶಕಗಳ ಕಾಲ ಈ ಸೆರಗು ಗುಂಡಿನ ಸದ್ದು ಕೇಳಿದೆ. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಜೂನ್‌ನಲ್ಲಿ ಕುಂದಾಪುರ ತಾಲ್ಲೂಕಿನ ದೇವರಬಾಳುವಿನಲ್ಲಿ ಮತ್ತಿಬ್ಬರು ಸತ್ತರು. ನಕ್ಸಲರೂ ಕೊಂದರು. 2008ರ ಮೇ ತಿಂಗಳಲ್ಲಿ ಹೆಬ್ರಿ ಸಮೀಪದ ಸೀತಾನದಿಯಲ್ಲಿ ಶಿಕ್ಷಕರೊಬ್ಬರು ಸೇರಿದಂತೆ ಇಬ್ಬರು ಅವರ ಕೈಯಲ್ಲಿ ಹತರಾದರು. 2011ರ ಡಿಸೆಂಬರ್‌ನಲ್ಲಿ ಕಬ್ಬಿನಾಲೆಯ ಕಾಡಿನಲ್ಲಿ ಆದಿವಾಸಿಯೊಬ್ಬರನ್ನು ಕೊಂದದ್ದು ಪೊಲೀಸರಿಗೆ ಸುದ್ದಿ ಮುಟ್ಟಿಸಿದರೆಂಬ ಶಂಕೆಯಿಂದ. ಅದೇ ಕಬ್ಬಿನಾಲೆಯ ಪೀತಬೈಲಿನಲ್ಲಿ 2024ರ ನವೆಂಬರ್‌ನಲ್ಲಿ ವಿಕ್ರಂ ಗೌಡ ಎನ್‌ಕೌಂಟರ್‌ಗೆ ಬಲಿಯಾದ. ಉತ್ತರದಲ್ಲಿ ಬೈಂದೂರು ತಾಲ್ಲೂಕಿನ ಶಿರೂರು ದಾಟಿದರೆ ಭಟ್ಕಳ. ಇಂಡಿಯನ್ ಮುಜಾಹಿದೀನ್‌ನ ಕೆಲವರ ಹೆಸರಿನ ಜೊತೆಗೆ ಅಂಟಿಕೊಂಡು ಆ ಊರಿನ ಹೆಸರೇ ಒಂದು ಆರೋಪವಾಗಿ ಮಾರ್ಪಟ್ಟಿತು.

ಆದುದರಿಂದ ಭಯೋತ್ಪಾದನೆ ಇಲ್ಲಿ ಯಾರದೋ ಕಲ್ಪನೆಯಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ (2010), ಮಂಗಳೂರಿನ ಆಟೋರಿಕ್ಷಾ (2022), ರಾಮೇಶ್ವರಂ ಕೆಫೆ (2024) ಸ್ಫೋಟಗಳನ್ನು ಕಂಡ ರಾಜ್ಯಕ್ಕೆ ಕಠಿಣ ಕಾನೂನು ಬೇಡವೆಂದು ಹೇಳುವವರ ಪೈಕಿ ನಾನಲ್ಲ. ಆದರೆ ಕಠಿಣ ಕಾನೂನಿಗೆ ಸೂಕ್ಷ್ಮ ದೃಷ್ಟಿಯೂ ಇರಬೇಕು. ಪತ್ರಿಕೋದ್ಯಮ ಓದಿದ ಇಬ್ಬರ ಕಥೆಯನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯವರು ಸಾಕೇತ್ ರಾಜನ್. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಕಲಿತವರು. ಕರ್ನಾಟಕದ ಇತಿಹಾಸವನ್ನು ಕುರಿತು ‘ಸಾಕಿ’ ಎಂಬ ಹೆಸರಿನಲ್ಲಿ ಇಂಗ್ಲಿಷ್ ಗ್ರಂಥ ಬರೆದವರು. ಆದರೆ ಅವರು ಲೇಖನಿಯಲ್ಲಿ ನಿಲ್ಲಲಿಲ್ಲ. ಶಸ್ತ್ರ ಹಿಡಿದು ರಾಜ್ಯದ ಮಾವೋವಾದಿಗಳ ನಾಯಕರಾದರು. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಾಳಿಗೆ ಬಳಿ ಪೊಲೀಸರ ಗುಂಡಿಗೆ ಬಲಿಯಾದರು. ಅವರು ಗೆರೆ ದಾಟಿದ್ದರೆಂಬುದರಲ್ಲಿ ಸಂಶಯವಿಲ್ಲ. ಅವರೂ ಅದನ್ನು ಬಚ್ಚಿಟ್ಟವರಲ್ಲ.

ಎರಡನೆಯವರು ವಿಠಲ ಮಲೆಕುಡಿಯ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನವರು, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಆದಿವಾಸಿ ಕುಟುಂಬದವರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, 2012ರ ಮಾರ್ಚ್ 3ರಂದು, ನಕ್ಸಲ್ ನಿಗ್ರಹ ಪಡೆ ಅವರನ್ನೂ ಅವರ ತಂದೆಯನ್ನೂ ಬಂಧಿಸಿತು. ದೇಶದ್ರೋಹದ ಆರೋಪ, ಜೊತೆಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕಾ ತುಣುಕುಗಳು, ಊರಿಗೆ ಮೂಲಸೌಕರ್ಯ ಬರುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ ಇದ್ದವು. ಕೈಕೋಳದೊಂದಿಗೆ ಪರೀಕ್ಷೆಗೆ ಕರೆತಂದ ಆ ವಿದ್ಯಾರ್ಥಿಯ ಚಿತ್ರವನ್ನು ನಾಡು ನೋಡಿತು. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ತಂದೆ, ಮಗ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲವೆಂಬ ಸರಳ ಸತ್ಯವನ್ನು ನ್ಯಾಯಾಧೀಶರು ತೀರ್ಪಿನಲ್ಲಿ ದಾಖಲಿಸಬೇಕಾಯಿತು. ಬಂಧನದಿಂದ ತೀರ್ಪಿನವರೆಗೆ ಕಳೆದದ್ದು 9 ವರ್ಷ 7 ತಿಂಗಳು. ಆ ವೇಳೆಗೆ ಅವರು ವೃತ್ತಿಯಿಂದಲೂ ಪತ್ರಕರ್ತರಾಗಿದ್ದರು.

ಈ ಇಬ್ಬರ ನಡುವಿನ ಅಂತರ ಸಾಮಾನ್ಯ ಓದುಗನಿಗೂ ಕಾಣುವಷ್ಟು ದೊಡ್ಡದು. ಅದನ್ನು ಗುರುತಿಸಲು ವ್ಯವಸ್ಥೆಗೆ ಸುಮಾರು ಹತ್ತು ವರ್ಷ ಬೇಕಾಯಿತೆಂದರೆ ದೋಷ ಎಲ್ಲಿದೆ?

ಇದು ಘಟ್ಟದ ಸೆರಗಿನ ಸಮಸ್ಯೆ ಮಾತ್ರವಲ್ಲ. 2012ರ ಆಗಸ್ಟ್ 29ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ದೈನಿಕವೊಂದರ ವರದಿಗಾರ ಮುತೀಉರ್ ರೆಹಮಾನ್ ಸಿದ್ದಿಕಿ ಭಯೋತ್ಪಾದನಾ ಸಂಚಿನ ಆರೋಪದ ಮೇಲೆ ಬಂಧಿತರಾದರು. ವಿಚಾರಣೆ ಆರಂಭವಾಗುವ ಮೊದಲೇ ಹಲವು ಮಾಧ್ಯಮಗಳು ಅವರನ್ನು ಸಂಚಿನ ಸೂತ್ರಧಾರನೆಂದು ಘೋಷಿಸಿದವು. ಪ್ರಕರಣದಲ್ಲಿ ಇತರ ಆರೋಪಿಗಳ ವಿರುದ್ಧ ರಾಷ್ಟ್ರೀಯ ತನಿಖಾ ಸಂಸ್ಥೆ ಆರೋಪಪಟ್ಟಿ ಸಲ್ಲಿಸಿತು; ಅವರಲ್ಲಿ ಹಲವರು ಮುಂದೆ ಶಿಕ್ಷೆಗೂ ಒಳಗಾದರು. ಆದರೆ ಸಿದ್ದಿಕಿಯವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಸುಮಾರು ಆರು ತಿಂಗಳ ಸೆರೆವಾಸದ ನಂತರ 2013ರ ಫೆಬ್ರುವರಿಯಲ್ಲಿ ಅವರ ಬಿಡುಗಡೆಯಾಯಿತು. ಸಂಚು ನಿಜವಿರಬಹುದು, ಅದರೊಡನೆ ಹೆಸರಿಸಲಾದ ಒಬ್ಬ ವ್ಯಕ್ತಿ ನಿರಪರಾಧಿಯೂ ಆಗಿರಬಹುದು. ಈ ಎರಡನ್ನೂ ಏಕಕಾಲಕ್ಕೆ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಸಂಯಮ ತನಿಖೆಗೂ ಬೇಕು, ಪತ್ರಿಕೆಗಳಿಗೂ ಬೇಕು.

ಯುಎಪಿಎ 1967ರ ಕಾಯ್ದೆ. ಭಯೋತ್ಪಾದನೆಯ ಅಪರಾಧಗಳು ಅದಕ್ಕೆ ಸೇರಿದ್ದು 2004ರಲ್ಲಿ. ಜಾಮೀನಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದು ಮುಂಬೈ ದಾಳಿಯ ನಂತರದ 2008ರ ತಿದ್ದುಪಡಿಯಲ್ಲಿ. ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಕಾರಣವಿದ್ದರೆ ಸಾಕು, ನ್ಯಾಯಾಲಯ ಜಾಮೀನು ನೀಡುವಂತಿಲ್ಲ. ಆರೋಪಪಟ್ಟಿ ಸಲ್ಲಿಕೆಯ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ನೀಡಿದ ಅಂಕಿಅಂಶಗಳಂತೆ, 2016ರಿಂದ 2019ರವರೆಗಿನ ನಾಲ್ಕು ವರ್ಷಗಳಲ್ಲಿ ಈ ಕಾಯ್ದೆಯಡಿ ಬಂಧಿತರಾದವರು 5,922 ಮಂದಿ, ಶಿಕ್ಷೆಗೊಳಗಾದವರು 132 ಮಂದಿ. ಉಳಿದವರೆಲ್ಲ ನಿರಪರಾಧಿಗಳೆಂದು ಇದರಿಂದ ತೀರ್ಮಾನಿಸಲಾಗದು. ಅನೇಕ ಪ್ರಕರಣಗಳು ಆಗಿನ್ನೂ ವಿಚಾರಣೆಯಲ್ಲಿದ್ದವು. ಆದರೆ ತೀರ್ಪಿಗೆ ಮೊದಲೇ ಅನುಭವಿಸಬೇಕಾದ ಸೆರೆವಾಸವೇ ಇಲ್ಲಿ ಮುಖ್ಯ ದಂಡನೆಯಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದವನಾಗಿ ನನಗೆ ತೋರುವ ಮೂಲ ಕಾರಣ ಬೇರೊಂದಿದೆ. ಯಾವುದೇ ನಿರ್ಧಾರದ ಗುಣಮಟ್ಟವು, ತಪ್ಪಾದಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಅವಲಂಬಿಸಿದೆ. ಶಂಕಿತನನ್ನು ಬಿಟ್ಟುಬಿಟ್ಟ ಅಧಿಕಾರಿ, ನಾಳೆ ಅವನಿಂದ ಅನಾಹುತವಾದರೆ, ಇಲಾಖಾ ವಿಚಾರಣೆ ಎದುರಿಸಬೇಕಾಗುತ್ತದೆ. ನಿರಪರಾಧಿಯ ಮೇಲೆ ಕಠಿಣ ಕಲಮು ಹೇರಿದ ಅಧಿಕಾರಿಗೆ ಹತ್ತು ವರ್ಷದ ನಂತರ ತೀರ್ಪು ಬಂದಾಗ ಏನೂ ಆಗುವುದಿಲ್ಲ; ಅಷ್ಟರಲ್ಲಿ ಆತ ವರ್ಗವಾಗಿರುತ್ತಾನೆ ಅಥವಾ ನಿವೃತ್ತನಾಗಿರುತ್ತಾನೆ. ಒಂದು ಬಗೆಯ ತಪ್ಪಿಗೆ ಭಾರಿ ದಂಡ, ಇನ್ನೊಂದಕ್ಕೆ ಶೂನ್ಯ ದಂಡ ಇರುವಾಗ ಕಡತ ಯಾವ ಕಡೆಗೆ ವಾಲುತ್ತದೆಂದು ಊಹಿಸಲು ವಿಶೇಷ ಜ್ಞಾನ ಬೇಕಾಗಿಲ್ಲ. ಅಧಿಕಾರಿಗಳು ದುಷ್ಟರಾಗಿರಬೇಕೆಂದೇನೂ ಇಲ್ಲ, ಎಚ್ಚರದವರಾಗಿದ್ದರೆ ಸಾಕು.

ಇಂತಹ ವಾಲುವಿಕೆಯನ್ನು ತಡೆಯಲೆಂದೇ ಕಾಯ್ದೆಯ 45ನೆಯ ಕಲಮಿನಲ್ಲಿ ಒಂದು ವ್ಯವಸ್ಥೆ ಇದೆ. ಸರ್ಕಾರ ಮೊಕದ್ದಮೆಗೆ ಮಂಜೂರಾತಿ ನೀಡುವ ಮುನ್ನ ಸ್ವತಂತ್ರ ಪ್ರಾಧಿಕಾರವೊಂದು ಸಾಕ್ಷ್ಯವನ್ನು ಪರಿಶೀಲಿಸಬೇಕು. 2008ರ ನಿಯಮಗಳಂತೆ ಪ್ರಾಧಿಕಾರಕ್ಕೆ 7 ಕೆಲಸದ ದಿನ, ಆನಂತರ ಸರ್ಕಾರಕ್ಕೆ 7 ಕೆಲಸದ ದಿನ. ಈ ಗಡುವು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಅದಕ್ಕೂ ಮೊದಲು, ವಿಠಲರ ಬಿಡುಗಡೆಯಾದ ಒಂದು ವಾರಕ್ಕೆ, ಕೇರಳದ ಇಬ್ಬರು ವಿದ್ಯಾರ್ಥಿಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮುಖ್ಯ ಮಾತನ್ನು ಹೇಳಿತ್ತು: ಉಗ್ರ ಸಂಘಟನೆಯೊಡನೆ ಬರಿಯ ಸಂಪರ್ಕ ಅಥವಾ ಅದಕ್ಕೆ ಬೆಂಬಲ ಸಾಲದು, ಅದರ ಚಟುವಟಿಕೆಗಳನ್ನು ಮುನ್ನಡೆಸುವ ಉದ್ದೇಶವೂ ಕಾಣಬೇಕು. ಆ ಇಬ್ಬರಲ್ಲಿ ಒಬ್ಬ ಪತ್ರಿಕೋದ್ಯಮದ ವಿದ್ಯಾರ್ಥಿ ಎಂಬುದು ಗಮನಾರ್ಹ.

ಉದ್ದೇಶ ಎಂಬ ಈ ಒಂದು ಪದದ ಮೇಲೆ ತಾಲ್ಲೂಕು ವರದಿಗಾರನ ಬದುಕು ನಿಂತಿದೆ. ಕುಂದಾಪುರ ಸೀಮೆ ಪತ್ರಿಕಾರಂಗಕ್ಕೆ ದೊಡ್ಡವರನ್ನು ಕೊಟ್ಟಿದೆ. ಮಂಗಳೂರಿನಲ್ಲಿ 1984ರಲ್ಲಿ ‘ಮುಂಗಾರು’ ದೈನಿಕವನ್ನು ಕಟ್ಟಿದ ವಡ್ಡರ್ಸೆ ರಘುರಾಮ ಶೆಟ್ಟರ ಊರು ಇಂದಿನ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಆದರೆ ಅಮಾಸೆಬೈಲಿಗೆ ಬೈಕಿನಲ್ಲಿ ಹೋಗಿ ಸುದ್ದಿ ತರುವವನು ಸಾಮಾನ್ಯವಾಗಿ ಅಲ್ಪ ಸಂಭಾವನೆಯ ಅರೆಕಾಲಿಕ ವರದಿಗಾರ. ಅವನ ಹಿಂದೆ ವಕೀಲರ ಪಡೆ ಇರುವುದಿಲ್ಲ. ಎಷ್ಟೋ ಸಲ ಗುರುತಿನ ಚೀಟಿಯೂ ಇರುವುದಿಲ್ಲ. ಆತ ಪೊಲೀಸರೊಡನೆ ಮಾತನಾಡಿದರೆ ಕಾಡಿನವರಿಗೆ ಮಾಹಿತಿದಾರ, ಕಾಡಿನವರ ಬಂಧುಗಳೊಡನೆ ಮಾತನಾಡಿದರೆ ಪೊಲೀಸರಿಗೆ ಸಹಾನುಭೂತಿದಾರ. ಎರಡೂ ಕಡೆಯವರನ್ನು ಮಾತನಾಡಿಸುವುದೇ ವೃತ್ತಿಯಾಗಿರುವ ಮನುಷ್ಯ ಅವನೊಬ್ಬನೇ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಚಿತ್ರದಲ್ಲಿ ಪತ್ರಕರ್ತೆಯೊಬ್ಬಳು ಮಲ್ಪೆಯ ಒಂದೇ ಘಟನೆಯನ್ನು ಹಲವರ ಬಾಯಿಂದ ಕೇಳುತ್ತಾಳೆ. ಬಂದೂಕು ಹಿಡಿದು ಓಡುವ ಪತ್ರಕರ್ತನಿಗಿಂತ ಇದು ವೃತ್ತಿಯ ನಿಜರೂಪಕ್ಕೆ ಹತ್ತಿರವಾದದ್ದು.

ಹೀಗೆ ಕೇಳಿಸಿಕೊಳ್ಳುವವರಿಂದ ಸರ್ಕಾರಕ್ಕೇ ಲಾಭವಾಗಿದೆ. ಸಾಕೇತ್ ರಾಜನ್ 2004ರಲ್ಲಿ ಕಾಡಿನಲ್ಲಿ ಪತ್ರಕರ್ತರನ್ನು ಕಂಡಾಗ ಹೋದವರಲ್ಲಿ ಗೌರಿ ಲಂಕೇಶ್ ಒಬ್ಬರು. ಅದಕ್ಕಾಗಿ ಅವರು ನಕ್ಸಲ್ ಬೆಂಬಲಿಗರೆಂಬ ನಿಂದೆಯನ್ನು ಬಹುಕಾಲ ಹೊತ್ತರು. ಹತ್ತು ವರ್ಷದ ನಂತರ, 2014ರ ಡಿಸೆಂಬರ್‌ನಲ್ಲಿ, ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಮರಳಿದಾಗ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಅವರೊಂದಿಗೆ ಸೇತುವೆಯಾಗಿ ನಿಂತವರು ಅದೇ ಗೌರಿ. 2017ರ ಸೆಪ್ಟೆಂಬರ್ 5ರಂದು ಅವರ ಹತ್ಯೆಯಾಯಿತು. ಅವರು ತುಳಿದ ಆ ದಾರಿ ಮಾತ್ರ ಮುಚ್ಚಲಿಲ್ಲ. ನಾಗರಿಕರ ಮಧ್ಯಸ್ಥಿಕೆಯಲ್ಲಿ 2025ರ ಜನವರಿ 8ರಂದು ಆರು ಮಂದಿ ಮುಖ್ಯಮಂತ್ರಿಯವರ ಮುಂದೆ ಶರಣಾದರು. ಫೆಬ್ರುವರಿ 2ರಂದು ಉಡುಪಿಯಲ್ಲಿ ಜಿಲ್ಲಾಡಳಿತದ ಮುಂದೆ ಬಂದು ನಿಂತವರು ಕುಂದಾಪುರ ತಾಲ್ಲೂಕಿನ ತೊಂಬಟ್ಟು ಲಕ್ಷ್ಮಿ. ಮಾತುಕತೆಯೇ ಅಪರಾಧವಾಗಿದ್ದರೆ ಈ ಶರಣಾಗತಿಗಳು ನಡೆಯುತ್ತಿರಲಿಲ್ಲ.

ಮಾಡಬೇಕಾದದ್ದೇನು? ಮೊದಲನೆಯದಾಗಿ, ಪತ್ರಕರ್ತನೊಬ್ಬನ ಮೇಲೆ ಭಯೋತ್ಪಾದನೆಯ ಕಲಮು ಹೂಡುವಾಗ ಸಂಪರ್ಕವನ್ನು ಬಿಟ್ಟು ಬೇರೆ ಯಾವ ನೆರವನ್ನು ಆತ ನೀಡಿದ ಎಂಬುದನ್ನು ಕಡತದಲ್ಲಿ ಬರೆದಿಡಬೇಕು. ಹಣ, ಆಶ್ರಯ, ಶಸ್ತ್ರ, ಸಂಚಿನ ಸಂದೇಶ ಇವುಗಳಲ್ಲಿ ಯಾವುದನ್ನು ಒದಗಿಸಿದ್ದರೂ ಆತನಿಗೆ ವೃತ್ತಿಯ ರಕ್ಷಣೆ ಸಲ್ಲದು, ಶಿಕ್ಷೆಯಾಗಲಿ. ಟಿಪ್ಪಣಿ ಪುಸ್ತಕ, ಪತ್ರಿಕಾ ತುಣುಕು, ದೂರವಾಣಿ ಕರೆ ಮಾತ್ರವಿದ್ದರೆ ಕಡತ ಅಲ್ಲಿಗೇ ಮುಚ್ಚಲಿ. ಎರಡನೆಯದಾಗಿ, ಪರಿಶೀಲನಾ ಪ್ರಾಧಿಕಾರ ತನ್ನ ಕಾರಣಗಳನ್ನು ಲಿಖಿತವಾಗಿ ನೀಡಬೇಕು, ಅದರ ಪ್ರತಿ ಆರೋಪಿಯ ಕೈಸೇರಬೇಕು. ಮೂರನೆಯದಾಗಿ, ತಪ್ಪು ಮೊಕದ್ದಮೆಗೆ ಗುರಿಯಾದವರಿಗೆ ಪರಿಹಾರ ನೀಡುವ ಕಾನೂನು ಬೇಕೆಂದು ಭಾರತೀಯ ಕಾನೂನು ಆಯೋಗ 2018ರ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ಅದನ್ನು ಜಾರಿಗೆ ತಂದರೆ ತಪ್ಪಿನ ಬೆಲೆ ಸ್ವಲ್ಪವಾದರೂ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ಪತ್ರಿಕೆಗಳ ಹೊಣೆಯೂ ಇದೆ. ಬಂಧನಕ್ಕೆ ಮುಖಪುಟ ಕೊಟ್ಟವರು ಬಿಡುಗಡೆಗೂ ಅಷ್ಟೇ ಸ್ಥಳ ಕೊಡಲಿ. ಅಪಾಯದ ಜಾಗಕ್ಕೆ ಕಳುಹಿಸುವ ಅರೆಕಾಲಿಕ ವರದಿಗಾರನಿಗೆ ನಿಯೋಜನೆಯ ಪತ್ರವನ್ನಾದರೂ ಬರೆದುಕೊಡಲಿ.

ನಕ್ಸಲ್ ಚಳವಳಿ ರಾಜ್ಯದಲ್ಲಿ ಮುಗಿಯಿತೆಂದು ಸರ್ಕಾರ ಘೋಷಿಸಿದೆ. ಅದು ಉಳಿದು ಬರಬೇಕಾದರೆ ಘಟ್ಟದ ಬುಡದ ಹಾಡಿಗಳಲ್ಲಿ ಏನಾಗುತ್ತಿದೆ, ಯಾವ ಭರವಸೆ ಈಡೇರಿದೆ, ಯಾವುದು ಕಾಗದದಲ್ಲೇ ಉಳಿದಿದೆ ಎಂಬುದು ಜಿಲ್ಲಾಧಿಕಾರಿಯ ಮೇಜಿಗೆ ತಲುಪುತ್ತಿರಬೇಕು. ಇಲಾಖೆಗಳ ವರದಿಗಳು ಈ ಕೆಲಸವನ್ನು ಪೂರ್ತಿಯಾಗಿ ಮಾಡಲಾರವು. ತೊಂಬಟ್ಟಿಗೆ ಹೋಗಿ ಕೇಳಿ ಬರೆಯುವ ವರದಿಗಾರ ನಿರ್ಭಯನಾಗಿದ್ದರೆ ಮಾತ್ರ ಅದು ಸಾಧ್ಯ.