"ನಮ್ಮ ಟ್ಯಾಕ್ಸಿನ ರೊಕ್ಕ" ಅನ್ನೋವ್ರಿಗೆ

ಮೆಲ್ಬೋರ್ನಿನಾಗ ನಮ್ಮ ಮಂದಿ ನಾಕು ಮನಿಯವರು ಕೂಡಿ ಊಟಕ್ಕ ಕೂತ್ರಂದ್ರ, ಚಿತ್ರಾನ್ನ ಮುಗದು ಮಸರನ್ನ ಬರೂದ್ರಾಗ ಒಂದು ಮಾತು ಬಂದ ಬರ್ತದ. "ನಾವು ದುಡದು ಟ್ಯಾಕ್ಸ್ ಕಟ್ಟೋದು, ಆ ಆಬೊರಿಜಿನಲ್ ಮಂದಿ ಕೂತು ತಿನ್ನೋದು." ಗಂಡಸರು ಅಂತಾರ, ಹೆಂಗಸರು ಗೋಣು ಹಾಕ್ತಾರ. ಮೂರು ಸರತಿ ಮಗಳ ಮನಿಗೆ ಹೋಗಿ ಬಂದೀನಿ, ಮೂರೂ ಸರತಿ ಕೇಳೀನಿ. ಈಗ ಈ ಮಾತು ಧಾರವಾಡಕ್ಕೂ ಬಂದದ. ಮಗನ ಕಡೆ ಆರು ತಿಂಗಳು ಇದ್ದು ಬಂದ ನಮ್ಮ ಓಣಿ ಕಾಕು ಒಬ್ಬರು ಇದನ್ನ ತಮ್ಮದ ಅನುಭವದಂಗ ಹೇಳ್ಲಿಕ್ಕತ್ತಾರ. ಆ ಆರು ತಿಂಗಳಾಗ ಒಬ್ಬ ಆಬೊರಿಜಿನಲ್ ಮನಷ್ಯಾನ ಜೋಡಿನೂ ಅವರು ಮಾತಾಡಿರಲಿಕ್ಕಿಲ್ಲ. ಅದಕ್ಕ ಬರೀಲಿಕ್ಕೆ ಕೂತೀನಿ. ಸಿಟ್ಟು ಬಂದ್ರ ಬರ್ಲಿ, ಚಹಾಕ್ಕ ಬರ್ರಿ, ಎದುರಾ ಎದುರು ಜಗಳಾಡೋಣು.

ಮಗಳ ಮನಿ ಇರೋದು ಟ್ರುಗನೀನಾ ಅನ್ನೋ ಬಡಾವಣ್ಯಾಗ. ಮೆಲ್ಬೋರ್ನಿನ ಪಶ್ಚಿಮಕ್ಕದ, ಟಾರ್ನೀಟ್, ಪಾಯಿಂಟ್ ಕುಕ್ ಎಲ್ಲಾ ಅದರ ಆಜೂಬಾಜು. ಸಂಜಿಗೆ ತಿರಗ್ಯಾಡ್ಲಿಕ್ಕೆ ಹೊಂಟ್ರ ಕನ್ನಡ, ತೆಲುಗು, ಪಂಜಾಬಿ ಕಿವಿಗೆ ಬೀಳ್ತಾವ, ಅಂಗಡ್ಯಾಗ ಜೋಳದ ಹಿಟ್ಟೂ ಸಿಗ್ತದ. ಈ ಊರಿಗೆ ಈ ಹೆಸರು ಎಲ್ಲಿಂದ ಬಂತು ಅಂತ ಅಳಿಯನ್ನ ಕೇಳಿದೆ, ಗೊತ್ತಿಲ್ಲ ಅಂದ. ಬಾಜೂ ಮನಿಯವರಿಗೂ ಗೊತ್ತಿಲ್ಲ. ವಾಸ್ತು ನೋಡಿಸಿ, ಆಯುಷ್ಯದ ಸಾಲ ಮಾಡಿ ಮನಿ ತೊಗೊಂಡಾರ, ಊರ ಹೆಸರಿನ ಅರ್ಥ ಮಾತ್ರ ಯಾರೂ ಕೇಳಿಲ್ಲ.

ಅದು ಒಬ್ಬ ಹೆಣ್ಣಮಗಳ ಹೆಸರು. ಟ್ರುಗನೀನಿ. ಟಾಸ್ಮೇನಿಯಾದ ದಂಡಿಗಿರೋ ಬ್ರೂನಿ ದ್ವೀಪದಾಕಿ. ಬಿಳಿಯರು ಆಕಿ ತಾಯಿನ್ನ ಕೊಂದ್ರು, ಒಡಹುಟ್ಟಿದಾಕಿನ್ನ ಹೊತಗೊಂಡು ಹೋದ್ರು. 1830ರ ದಶಕದಾಗ ಟಾಸ್ಮೇನಿಯಾದಾಗ ಉಳದಿದ್ದ ಅಲ್ಲಿನ ಮಂದಿನ್ನ ಫ್ಲಿಂಡರ್ಸ್ ಅನ್ನೋ ದ್ವೀಪಕ್ಕ ಸಾಗಿಸಿದ್ರು, ಅಲ್ಲೆ ಬ್ಯಾನಿ ಬಿದ್ದು ಮಂದಿ ಸಾಲುಸಾಲಾಗಿ ಸತ್ರು. ಆಕಿನ್ನ ಮೆಲ್ಬೋರ್ನಿಗೂ ಕರಕೊಂಡು ಬಂದಿದ್ರು. ಆಕಿ ಜೋಡಿ ಇದ್ದ ಇಬ್ಬರು ಗಂಡಸರನ್ನ 1842ರಾಗ ಅಲ್ಲೇ ಗಲ್ಲಿಗೇರಿಸಿದ್ರು. 1876ರಾಗ ಆಕಿ ಸತ್ಲು. ಸಾಯೋಕಿಂತ ಮೊದಲ, ನನ್ನ ಹೆಣ ಕೊಯ್ಯಬ್ಯಾಡ್ರಿ ಅಂತ ಬೇಡಿಕೊಂಡಿದ್ಲು. ಹೂಳಿ ಎರಡು ವರ್ಷ ಆಗೋದ್ರಾಗ ಅಗದು ಎಲುಬು ಹೊರಗ ತಗದ್ರು. 1947ರ ತನಕ ಹೋಬಾರ್ಟಿನ ಮ್ಯೂಸಿಯಮ್ಮಿನಾಗ ಆಕಿ ಅಸ್ಥಿಪಂಜರ ಮಂದಿ ನೋಡ್ಲಿ ಅಂತ ಇಟ್ಟಿದ್ರು. 1976ರಾಗ, ಸತ್ತು ನೂರು ವರ್ಷಕ್ಕ, ಸುಟ್ಟು ಬೂದಿ ಸಮುದ್ರಕ್ಕ ಬಿಟ್ರು. ನಮ್ಮ ಮನ್ಯಾಗ ಹತ್ತು ದಿನದಾಗ ಅಸ್ಥಿ ಹೊಳಿಗೆ ಬಿಡ್ಲಿಲ್ಲಂದ್ರ ಮಂದಿಗೆ ನಿದ್ದಿ ಬರೂದಿಲ್ಲ.

ಆಕಿನ್ನ ಟಾಸ್ಮೇನಿಯಾದ ಕಡೀ ಮೂಲನಿವಾಸಿ ಅಂತ ಪುಸ್ತಕದಾಗ ಬರದ್ರು. ಅದೂ ಸುಳ್ಳ. ಆ ಮಂದಿಯ ಮಕ್ಕಳು ಮರಿಮಕ್ಕಳು ಇವತ್ತಿಗೂ ಇದ್ದಾರ. ಎಲ್ಲಾರೂ ಸತ್ತಾರ ಅಂತ ಬರದ್ರ ಭೂಮಿ ಕೇಳವರು ಇರೂದಿಲ್ಲಲ್ಲ!

"ನಾವೇನು ಅವರ ಭೂಮಿ ಕಸಗೊಂಡಿಲ್ಲ, ನಾವು ನಿನ್ನೆ ಮೊನ್ನೆ ಬಂದವರು" ಅಂತೀರಿ. ಖರೇ. ನಿಮ್ಮನ್ನ ಯಾರೂ ಕಳ್ಳರು ಅಂದಿಲ್ಲ. ಆದ್ರ ಒಂದು ಸರಾ ಕಳವಿನದು ಅಂತ ಗೊತ್ತಾದ ಮ್ಯಾಲೂ, ನಾ ರೊಕ್ಕಾ ಕೊಟ್ಟೀನಿ ಅಂತ ಬಿಲ್ಲು ತೋರಿಸಿ ಕೊರಳಿಗೆ ಹಾಕ್ಕೊಂಡು, ಅದನ್ನ ಕಳಕೊಂಡಾಕಿ ಎದುರಿಗೆ ಬಂದಾಗ "ಇನ್ನೂ ಅಳ್ತೀಯೇನ" ಅನ್ನೋದು ಛಲೋ ಮನಿತನದ ಹೆಂಗಸರ ಮಾತೇನ್ರಿ?

ಕಸಗೊಂಡದ್ದು ಹೆಂಗ ಅನ್ನೋದೂ ಕೇಳ್ರಿ. 1788ರ ಜನೇವರಿ 26ಕ್ಕ ಇಂಗ್ಲೀಷರು ಸಿಡ್ನಿಯೊಳಗ ಇಳದು ಝೆಂಡಾ ನೆಟ್ರು. ಮುಂದ ಅವರ ಕಾಯ್ದೆ, ಈ ಭೂಮಿ ಯಾರದೂ ಅಲ್ಲ ಅಂತ ಹಿಡೀತು. ಅಂದ್ರ ಉತಾರದಾಗ ಯಾರ ಹೆಸರೂ ಇಲ್ಲ, ಬೀಳು ಬಿದ್ದ ನೆಲ. ಹತ್ತಾರು ಸಾವಿರ ವರ್ಷದಿಂದ ಅಲ್ಲೆ ಇದ್ದ ಮಂದಿ ಲೆಕ್ಕಕ್ಕ ಬರ್ಲಿಲ್ಲ. ಈ ಸುಳ್ಳು ಎರಡು ನೂರು ವರ್ಷ ನಡೀತು.

ಅದನ್ನ ಮುರದಂವ ಎಡ್ಡೀ ಮಾಬೊ. ವಿಶ್ವವಿದ್ಯಾಲಯದಾಗ ಮಾಲೀ ಕೆಲಸ ಮಾಡ್ತಿದ್ದ. ತನ್ನ ಮೇರ್ ದ್ವೀಪದಾಗಿನ ಹಿರೇರ ಭೂಮಿ ಕಾಗದದ ಪ್ರಕಾರ ತನ್ನದಲ್ಲ, ಸರ್ಕಾರದ್ದು ಅಂತ ಅಲ್ಲಿನ ಪ್ರೊಫೆಸರರು ಹೇಳಿದಾಗ ಅವಗ ನಂಬಲಿಕ್ಕೇ ಆಗ್ಲಿಲ್ಲಂತ. ನಮ್ಮ ಹಳ್ಳ್ಯಾಗ ಈ ಬದು ಯಾರದು, ಆ ಮಾವಿನ ಗಿಡ ಯಾರ ಪಾಲಿಂದು ಅಂತ ಮುದುಕ್ಯಾರು ಬಾಯಿಲೆ ಹೇಳ್ತಾರಲ್ಲ, ಹಂಗ ಅಲ್ಲೂ ಒಂದೊಂದು ತ್ವಾಟದ ಗಡಿ ಮಂದಿಗೆ ಗೊತ್ತಿತ್ತು. 1982ರಾಗ ಕೋರ್ಟಿಗೆ ಹೋದ್ರು. 1992ರ ಜೂನ್ 3ಕ್ಕ ಹೈಕೋರ್ಟ್, ಅದು ಅಲ್ಲಿನ ಎಲ್ಲಾಕಿಂತ ಮ್ಯಾಲಿನ ಕೋರ್ಟು, "ಯಾರದೂ ಅಲ್ಲದ ಭೂಮಿ" ಅನ್ನೋ ಮಾತನ್ನ ತಗದು ಒಗೀತು. ಮಾಬೊ ಆ ವರ್ಷ ಜನೇವರಿಯೊಳಗ ತೀರಿಕೊಂಡಿದ್ದ.

ಅದರ ಮ್ಯಾಲೆ 1993ರಾಗ ನೇಟಿವ್ ಟೈಟಲ್ ಕಾಯ್ದೆ ಬಂತು. ಅವತ್ತಿನಿಂದ ಒಂದು ಹೆದರಿಕಿ ಹಬ್ಬಿಸ್ಯಾರ, ನಾಳೆ ಬಂದು ನಿಮ್ಮ ಹಿತ್ತಲಾ ಕಸಗೋತಾರ ಅಂತ. ಕಸಗೊಳ್ಳಿಕ್ಕೆ ಬರೂದಿಲ್ಲ. ಖಾಸಗಿ ಮಾಲಕಿಗೆ ಹೋದ ಜಾಗಾದ ಮ್ಯಾಲೆ ನೇಟಿವ್ ಟೈಟಲ್ ಉಳಿಯೂದ ಇಲ್ಲ, ಕೋರ್ಟ ಹೇಳ್ಯಾದ. ನಿಮ್ಮ ಕರಿಬೇವಿನ ಗಿಡಕ್ಕ ಏನೂ ಆಗೂದಿಲ್ಲ. ಮತ್ತ ಉಳಿದ ಭೂಮಿ ಕೇಳ್ಬೇಕಂದ್ರ, ಇಂಗ್ಲೀಷರು ಬರೋ ಮೊದಲಿಂದ ಇವತ್ತಿನ ತನಕ ಆ ನೆಲದ ಜೋಡಿ ತಮ್ಮ ಸಂಬಂಧ ಹರದಿಲ್ಲ ಅಂತ ಸಾಬೀತು ಮಾಡ್ಬೇಕು. ಬಂದೂಕ ಹಿಡದು ಓಡಿಸಿ, ಆಮ್ಯಾಲೆ ನೀವು ಇಲ್ಲೇ ಇದ್ರಿ ಅನ್ನೋದಕ್ಕ ಸಾಕ್ಷಿ ಕೊಡ್ರಿ ಅಂದಂಗ. ಮರ್ರೆ ಹೊಳಿ ದಂಡಿಯ ಯೋರ್ಟಾ ಯೋರ್ಟಾ ಮಂದಿ 2002ರಾಗ ಹಿಂಗ ಸೋತ್ರು.

ಈಗ ರೊಕ್ಕದ ಮಾತಿಗೆ ಬರ್ತೀನಿ. ಟಿಂಬರ್ ಕ್ರೀಕ್ ಅನ್ನೋ ಊರಾಗ ಅಲ್ಲಿನ ಮಂದಿ ಹಕ್ಕನ್ನ ಸರ್ಕಾರ ಮುರದದ್ದಕ್ಕ, 2019ರಾಗ ಅದ ಹೈಕೋರ್ಟು ಕೊಡಿಸಿದ ಪರಿಹಾರ ಸುಮಾರು 25 ಲಕ್ಷ ಡಾಲರ್. ಇಡೀ ಸಮುದಾಯಕ್ಕ. ಅಷ್ಟ್ರಾಗ ಮೆಲ್ಬೋರ್ನಿನ ಛಲೋ ಏರಿಯಾದಾಗ ಮೂರು ಮನಿ ಬಂದ್ರ ದೊಡ್ಡದು. ನಿರುದ್ಯೋಗದ ಭತ್ಯ, ಮುದುಕರ ಪೆನ್ಶನ್ ಎಲ್ಲಾರಿಗೂ ಒಂದ ದರ, ಅವರ ಬಣ್ಣ ನೋಡಿ ಹೆಚ್ಚಿಗೆ ಕೊಡೂದಿಲ್ಲ. ನನ್ನ ಮೊಮ್ಮಕ್ಕಳ ಚೈಲ್ಡ್‌ಕೇರಿಗೆ ಸರ್ಕಾರ ಸಬ್ಸಿಡಿ ಕೊಡ್ತದ, ಅದು ಯಾರ ಟ್ಯಾಕ್ಸು? ಅದನ್ನ ತೊಗೊಳ್ಳೋವಾಗ "ನಮ್ಮ ಹಕ್ಕು" ಅಂತೀರಿ. ಅವರ ಊರಿಗೆ ಒಂದು ದವಾಖಾನಿ ಆದ್ರ "ನಮ್ಮ ರೊಕ್ಕ" ಅಂತೀರಿ.

ರೊಕ್ಕ ಪೋಲಾಗೂದ ಇಲ್ಲಂತ ನಾ ಹೇಳೂದಿಲ್ಲ. ಸರ್ಕಾರದ ರೊಕ್ಕ ಎಲ್ಲೆ ಪೋಲಾಗೂದಿಲ್ಲ? ನೆಟ್ಟಗ ಮುಟ್ಟಿದ್ರ ಅಲ್ಲಿನ ಹೆಣ್ಣಮಕ್ಕಳು ಉಳದವರಕಿಂತ ಸುಮಾರು 8 ವರ್ಷ ಮೊದಲ ಯಾಕ ಸಾಯ್ತಿದ್ರು? ನೂರು ಮಂದ್ಯಾಗ ನಾಕು ಮಂದಿ ಇರೋ ಸಮಾಜ, ಜೇಲಿನಾಗ ಮೂರರಾಗ ಒಂದು ಪಾಲು ಯಾಕಿರ್ತಿತ್ತು? ಲೆಕ್ಕಾ ಕೇಳ್ರಿ, ಬ್ಯಾಡ ಅನ್ನೂದಿಲ್ಲ. ಯಾರಿಗೆ ಮುಟ್ಟಲಿಲ್ಲೋ ಅವರನ್ನ ಬೈಬ್ಯಾಡ್ರಿ.

ಇನ್ನ ಯಾರ ರೊಕ್ಕ ಯಾರು ತಿಂದ್ರು ಅಂತ ನೋಡೂದಾದ್ರ ಪೂರ್ತಿ ನೋಡೋಣು. ಕ್ವೀನ್ಸ್‌ಲ್ಯಾಂಡಿನಾಗ 1897ರ ಒಂದು ಕಾಯ್ದೆ ಇತ್ತು, ಹೆಸರು "ರಕ್ಷಣೆ". ಅದರ ನಂತರ ದಶಕಗಟ್ಟಲೆ ಆಬೊರಿಜಿನಲ್ ಮಂದಿ ಪಗಾರ ಅವರ ಕೈಗೆ ಬರ್ತಿರ್ಲಿಲ್ಲ, ಸರ್ಕಾರದ ಖಾತೆಗೆ ಹೋಗ್ತಿತ್ತು. ದನಾ ಕಾಯೋ ಗಂಡಸರು, ಬಿಳಿಯರ ಮನ್ಯಾಗ ಕಸಾ ಮುಸರಿ ಮಾಡೋ ಹುಡುಗ್ಯಾರು, ತಾವು ದುಡದ ರೊಕ್ಕ ತಾವ ಅರ್ಜಿ ಹಾಕಿ ಬೇಡ್ಬೇಕಿತ್ತು. 2019ರಾಗ ಆ ರಾಜ್ಯ ಸರ್ಕಾರ ಇದಕ್ಕ 19 ಕೋಟಿ ಡಾಲರ್ ಕೊಡ್ಲಿಕ್ಕೆ ಒಪ್ಪಿಕೊಂಡು ದಾವೇ ಮುಗಿಸ್ಕೊಂತು. ಅಷ್ಟ್ರಾಗ ಎಷ್ಟೋ ಮಂದಿ ಸತ್ತು ಹೋಗಿದ್ರು. ನಮ್ಮ ಮನಿ ಕೆಲಸದಾಕಿ ಒಂದು ತಿಂಗಳ ಪಗಾರ ಹತ್ತು ದಿನ ತಡಾ ಆದ್ರ ಏನಂತಾಳ, ನಿಮಗ ಗೊತ್ತದ.

"ಯಾವಾಗಿನದೋ ಕಥಿ, ಮರತು ಮುಂದ ಹೋಗ್ಬೇಕು" ಅಂತಾರ. ಯಾರು ಅಂತಾರ? ನಾವು! 1974ರ ಕಾಯ್ದೆದಾಗ ಗೇಣಿ ಹೊಲ ಹೋತು ಅಂತ ಇವತ್ತಿಗೂ ಎಲ್ಲಾ ಮದವಿ ಮುಂಜಿವಿಯೊಳಗ ಅಳೋ ಮಂದಿ. ಉಳೋ ರೈತಗ ಹೋದದ್ದು ನ್ಯಾಯನ ಆಗಿತ್ತು ಅಂತೀನಿ ನಾ, ನಮ್ಮ ಕಾಕಾಂದಿರು ಏನರ ಅನ್ಲಿ. ಆ ನಾಕು ಕೂರಿಗಿ ಹೊಲ ಐವತ್ತು ವರ್ಷಾದ್ರೂ ಮರೀಲಿಕ್ಕೆ ಆಗಿಲ್ಲ. ನನ್ನ ತವರಮನಿ ಹಳೇ ಬಾಗಲಕೋಟ್ಯಾಗಿತ್ತು. ಆಲಮಟ್ಟಿ ಹಿನ್ನೀರು ಬಂದು ಓಣಿಗೆ ಓಣಿ ಹೋದಾವ, ಮಂದಿ ನವನಗರಕ್ಕ ಬಂತು. ಈಗ ಡ್ಯಾಮಿನ ನೀರು 519.6 ಮೀಟರಿನಿಂದ 524.256ಕ್ಕ ಏರಸೋ ಮಾತು ನಡದದ, ಇನ್ನಷ್ಟು ಊರು, ಹೊಲ ಹೋಗ್ತಾವ. ಮುಳುಗಡಿ ಮಂದಿಗೆ ಪರಿಹಾರ ಕೊಡ್ರಿ ಅಂದಾಗ, "ನಮ್ಮ ಟ್ಯಾಕ್ಸಿನ ರೊಕ್ಕ ಬಾಗಲಕೋಟಿಯವರು ಕೂತು ತಿಂತಾರ" ಅಂತ ಬೆಂಗಳೂರಿನವರು ಅಂದ್ರ ನಿಮಗ ಹೆಂಗನಸ್ತದ? ನಮ್ಮ ಅಪ್ಪಗ ಆ ರೊಕ್ಕ ಬಂದಾಗ ಅವರು ಎಣಿಸಲಿಲ್ಲ. ಅಂಗಳದಾಗಿನ ಬಾವಿಗೆ ಇದರಾಗ ಎಷ್ಟು ಹಿಡದಾರ ಅಂತ ಕೇಳಿದ್ರು.

ಅಲ್ಲೆ ಸಭಾ ಶುರು ಆಗೋವಾಗ, ಈ ನೆಲ ಇಂಥಾ ಮೂಲನಿವಾಸಿಗಳದು, ಅವರ ಹಿರೇರಿಗೆ ನಮಸ್ಕಾರ ಅಂತ ಎರಡು ಸಾಲು ಓದ್ತಾರ. ಅದಕ್ಕ ನಮ್ಮ ಹುಡುಗರು ನಗ್ತಾರ, ನಾಟಕ ಅಂತಾರ. ಬೆಳಿಗ್ಗೆದ್ದು ಕಾಲು ಊರೋಕಿಂತ ಮೊದಲ ಭೂಮಿ ಮುಟ್ಟಿ ಕ್ಷಮಾ ಕೇಳೋ, ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗಾ ಚೆಲ್ಲೋ ಮನ್ಯಾಗ ಹುಟ್ಟಿದ ಹುಡುಗರು! ನೆಲ ತಾಯಿ ಅನ್ನೋ ಮಾತು ನಮಗ ಯಾರರ ಬಿಡಿಸಿ ಹೇಳ್ಬೇಕೇನು?

2023ರ ಅಕ್ಟೋಬರ್ 14ಕ್ಕ ಅಲ್ಲೆ ಮತದಾನ ಆತು. ಪಾರ್ಲಿಮೆಂಟಿಗೆ ಸಲಹಾ ಕೊಡ್ಲಿಕ್ಕೆ ಆ ಮಂದಿದೊಂದು ಮಂಡಳಿ ಇರ್ಲೋ ಬ್ಯಾಡೋ ಅಂತ. ಬರೇ ಸಲಹಾ. ನೂರಕ್ಕ ಅರವತ್ತು ಮಂದಿ ಬ್ಯಾಡ ಅಂದ್ರು. ಮಗಳ ಗೆಳತ್ಯಾರು ಇಬ್ಬರು "ನಾವೂ ಬ್ಯಾಡ ಅಂದ್ವಿ, ಎಲ್ಲಾರೂ ಸಮಾನ ಇರ್ಬೇಕು" ಅಂತ ನನಗ ಹೆಮ್ಮಿಲೆ ಹೇಳಿದ್ರು.

ಸಮಾನ ಅಂದ್ರ ಏನು ಅಂತ 2025ರ ಆಗಸ್ಟ್ 31ಕ್ಕ ಗೊತ್ತಾತು. ಅವತ್ತು ಊರೂರಾಗ ವಲಸಿಗರ ವಿರುದ್ಧ ಮೆರವಣಿಗಿ ಆದ್ವು. ಅದರ ಪ್ರಚಾರದ ಚೀಟ್ಯಾಗ ಭಾರತೀಯರ ಹೆಸರು ಹಿಡದು ಬರದಿದ್ರು, ಇವರು ಭಾಳಾಗ್ಯಾರ ಅಂತ. ಮಗಳು ಅವತ್ತು ಮಕ್ಕಳನ್ನ ಹೊರಗ ಬಿಡ್ಲಿಲ್ಲ. ಅವತ್ತ ಸಂಜಿಗೆ, ಮೆಲ್ಬೋರ್ನಿನ ಕಿಂಗ್ಸ್ ಡೊಮೇನ್ ತ್ವಾಟದಾಗ ಮೂಲನಿವಾಸಿಗಳು ಹಾಕಿದ್ದ ಕ್ಯಾಂಪಿಗೆ ಒಂದು ಗುಂಪು ನುಗ್ಗಿ ಮಂದಿನ್ನ ಬಡೀತು. ಮೆರವಣಿಗ್ಯಾಗಿದ್ದ ನಾಝಿ ಗುಂಪಿನವರೂ ಅದರಾಗಿದ್ರು. ನಿಮ್ಮನ್ನ ಹೊರಗ ಹೋಗ್ರಿ ಅನ್ನೋ ಬಾಯಿಗೂ, ಅವರನ್ನ ಬಡಿಯೋ ಕೈಗೂ ಒಂದ ಮೈ.

ಆ ಮಂದ್ಯಾಗೂ ನಮ್ಮನ್ನ ಅಂದವರಿದ್ದಾರ, ಮುಚ್ಚಿಡೂದಿಲ್ಲ. ಸೆನೆಟರ್ ಜಸಿಂಟಾ ಪ್ರೈಸ್, ತಾಯಿ ಕಡಿಂದ ಆಬೊರಿಜಿನಲ್, ಅದ ಸೆಪ್ಟೆಂಬರಿನಾಗ ಸರ್ಕಾರ ವೋಟಿನ ಆಸೇಕ ಭಾರತೀಯರನ್ನ ಕರಸ್ಕೋತದ ಅನ್ನೋ ಅರ್ಥದ ಮಾತಾಡಿ, ಕ್ಷಮಾ ಕೇಳದ, ಕಡೀಕ ತಮ್ಮ ಪಕ್ಷದಾಗಿನ ಸ್ಥಾನ ಕಳಕೊಂಡ್ರು. 2023ರ ಮತದಾನಕ್ಕ "ಬ್ಯಾಡ" ಅಂತ ಪ್ರಚಾರ ಮಾಡಿದಾಕಿನೂ ಅವರ. ಅವತ್ತ ಅವರ ಭಾಷಣಕ್ಕ ಚಪ್ಪಾಳಿ ಹೊಡದ ನಮ್ಮ ಮಂದಿ ಈಗ ಬೈಲಿಕ್ಕತ್ತಾರ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನ್ನದ. ಅಲ್ಲಿನ ಪ್ರೊಡಕ್ಟಿವಿಟಿ ಕಮಿಷನ್ 2016ರಾಗ ಒಂದು ವರದಿ ಕೊಟ್ಟದ. ಮಕ್ಕಳ ಹಿಂದ ಬರೋ ಒಬ್ಬೊಬ್ಬ ಅಪ್ಪ, ಅಮ್ಮ ಆ ದೇಶದ ಬೊಕ್ಕಸಕ್ಕ ಸಾಯೋತನಕ 3.35 ಲಕ್ಷದಿಂದ 4.10 ಲಕ್ಷ ಡಾಲರ್ ಖರ್ಚು ಅಂತ. ಅಂದ್ರ ನಾನ ಅದು. ಬಾಣಂತನ ಮಾಡಿದ್ದು, ಎರಡು ಮಕ್ಕಳನ್ನ ಎತ್ತಿ ಆಡಿಸಿ ಮಗಳನ್ನ ಕೆಲಸಕ್ಕ ಕಳಿಸಿದ್ದು, ನಸಕಿನಾಗೆದ್ದು ಡಬ್ಬಿ ಕಟ್ಟಿದ್ದು ಆ ಲೆಕ್ಕದಾಗ ಎಷ್ಟು ಹಿಡದಾರೋ. ರೊಕ್ಕಾ ತುಂಬಿ ತೊಗೊಳ್ಳೋ ಪೇರೆಂಟ್ ವೀಸಾಕ್ಕ ಒಬ್ಬೊಬ್ಬರಿಗೆ 45 ಸಾವಿರ ಡಾಲರಿನ ಮ್ಯಾಲೆ, ಸಾದಾದಕ್ಕ ಮೂವತ್ತು ವರ್ಷದ ಪಾಳಿ. ಅಳಿಯ ಇದನ್ನ ಹೇಳೋವಾಗ "ಎಂಥಾ ಅನ್ಯಾಯ ನೋಡ್ರಿ ಅತ್ತಿ, ಮನಷ್ಯಾರನ್ನ ಹಿಂಗ ಖರ್ಚಿನ ಲೆಕ್ಕದಾಗ ಹಿಡೀತಾರ" ಅಂದ. ಹೌದಪಾ, ಅನ್ಯಾಯನ, ನೀ ಹೋದ ಆಯಿತವಾರ ಊಟಕ್ಕ ಕೂತಾಗ ಆ ಮಂದಿನ್ನ ಯಾವ ಲೆಕ್ಕದಾಗ ಹಿಡದಿದ್ದಿ ಅಂತ ಕೇಳಿದೆ. ತಾಟು ಎತ್ತಿಕೊಂಡು ಒಳಗ ಹೋದ.

ಬರೋ ಜನೇವರಿಗೆ ಮತ್ತ ಹೊಂಟೀನಿ. 26ಕ್ಕ ನಮ್ಮದು ಗಣರಾಜ್ಯೋತ್ಸವ, ಅಲ್ಲೆ ಆಸ್ಟ್ರೇಲಿಯಾ ಡೇ. ಮೂಲನಿವಾಸಿಗಳು ಅದನ್ನ ದಾಳಿಯ ದಿನ ಅಂತಾರ, ಮೆಲ್ಬೋರ್ನಿನಾಗ ಪಾರ್ಲಿಮೆಂಟಿನ ಮುಂದ ಕೂಡಿ ಮೆರವಣಿಗಿ ಹೋಗ್ತಾರ. ನಮ್ಮ ಝೆಂಡಾ ಏರಿಸಿ, ಉಪ್ಪಿಟ್ಟು ತಿಂದು, ರೈಲು ಹಿಡದು ಅಲ್ಲಿಗೆ ಹೋಗಾಕಿ ನಾ. ಮಗಳು ಬರ್ತೀನಿ ಅಂದಾಳ. ಅಳಿಯ ಇನ್ನೂ ಏನೂ ಅಂದಿಲ್ಲ. ಮೊಣಕಾಲ ಬ್ಯಾನಿ ಇದ್ದವರು ಮಡಚೋ ಕುರ್ಚಿ ತೊಗೊಂಡು ಬರ್ರಿ, ನಿಂದ್ರೂದು ಭಾಳ ಆಗ್ತದ.