ಹತ್ತಕ್ಕೆ ಸೊನ್ನೆ

ಇಂಗ್ಲೆಂಡಿನ ಗಾಯಕ ಟಾಮ್ ಓಡೆಲ್ ಅವರ ಮೊದಲ ಆಲ್ಬಂ ‘ಲಾಂಗ್ ವೇ ಡೌನ್’ 2013ರಲ್ಲಿ ಬಂದಾಗ ಎನ್‌ಎಂಇ ಪತ್ರಿಕೆಯ ವಿಮರ್ಶಕರು ಹತ್ತಕ್ಕೆ ಸೊನ್ನೆ ಅಂಕ ಕೊಟ್ಟರು. ಗಾಯಕನ ತಂದೆ ಪತ್ರಿಕೆಗೆ ಫೋನ್ ಮಾಡಿ ದೂರಿದರು. (ಯಾವ ಅಪ್ಪ ಸುಮ್ಮನಿದ್ದಾರು!) ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಹೆಚ್ಚು ಮಾರಾಟವಾಯಿತೆಂದು ನಾನು ಅದನ್ನು ಹೊಗಳುತ್ತಿಲ್ಲ. ಪಿಯಾನೊ ಜೊತೆ ಮೆಲ್ಲಗೆ ಶುರುವಾಗಿ ಕೊನೆಗೆ ಕೂಗಾಗುವ ಒಂದೇ ಧಾಟಿ ಹಲವು ಹಾಡುಗಳಲ್ಲಿದೆ. ಅದಕ್ಕೆ ನಾಲ್ಕು ಅಂಕ ಕಳೆಯಲಿ. ಆದರೆ ಸೊನ್ನೆ ಎಂದರೆ ‘ಕೇಳಲೇಬೇಡಿ’ ಎಂದಂತೆ. ಹೊಸಬರ ಮೊದಲ ಕೆಲಸಕ್ಕೆ ಅಷ್ಟು ಕಠೋರತೆ ನ್ಯಾಯವಲ್ಲ. ಅದೇ ಆಲ್ಬಂನ ‘ಅನದರ್ ಲವ್’ ಹಾಡನ್ನು ಓಡೆಲ್ 2022ರಲ್ಲಿ ಬುಕಾರೆಸ್ಟ್ ರೈಲು ನಿಲ್ದಾಣದಲ್ಲಿ, ಯುದ್ಧದಿಂದ ತಪ್ಪಿಸಿಕೊಂಡು ಬಂದ ಉಕ್ರೇನಿನ ನಿರಾಶ್ರಿತರಿಗಾಗಿ ಹಾಡಿದರು.